ಸಕ್ರಿ ಕಡಿಮಿ ಹಾಕಿದ ಜಾಮ್ ಕೈಕೊಟ್ರ ತಪ್ಪು ಎಲ್ಲದ ಅಂತ ಹುಡುಕೋದು ಹೆಂಗ

ನಮ್ಮ ಅತ್ತಿಯವರಿಗೆ ಶುಗರ್ ಬಂದು ಮೂರು ವರ್ಷ ಆತು, ಮಗಳಿಗೆ ನೋಡಿದ್ರ ಚಪಾತಿಗೆ ಜಾಮ್ ಹಚ್ಚಿ ಸುರುಳಿ ಮಾಡಿ ಕೊಡದಿದ್ರ ಸಾಲಿ ಡಬ್ಬಿ ಖಾಲಿ ಆಗಂಗಿಲ್ಲ. ಹಿಂಗಾಗಿ ಹೋದ ವರ್ಷ ಜನವರಿಯೊಳಗ ಪುಣೆಯ ಕೋಥ್ರೂಡದಾಗ ರಸ್ತೆ ಬದಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ಡಬ್ಬಿ ಸಾಲು ಹಚ್ಚಿದ್ದು ನೋಡಿ, ಸಕ್ರಿ ಕಡಿಮಿ ಹಾಕಿ ಮನ್ಯಾಗೇ ಜಾಮ್ ಮಾಡ್ತೀನಿ ಅಂತ ಒಂದು ಕಿಲೋ ತಂದೆ. ಹಳೇ ಲೆಕ್ಕದಾಗ ಕಿಲೋ ಹಣ್ಣಿಗೆ ಮುಕ್ಕಾಲು ಕಿಲೋ ಸಕ್ರಿ, ನಾ 300 ಗ್ರಾಂ ಹಾಕಿದೆ, ಉಳಿದದ್ದೆಲ್ಲಾ ಮೊದಲಿನಂಗೇ ಮಾಡಿದೆ. ಮರುದಿನ ಬಾಟ್ಲಿ ಓರೆ ಮಾಡಿದ್ರ ಎಲ್ಲಾ ಒಮ್ಮೆಲೇ ಹರದು ಬಂತು. ಅತ್ತಿಯವರು ಚಪಾತಿ ಮ್ಯಾಲ ಹಾಕ್ಕೊಂಡು, "ರುಚಿ ಛಲೋ ಅದವಾ, ಆದ್ರ ನಿಲ್ಲವಲ್ತು ನೋಡು" ಅಂದ್ರು. ಎರಡನೇ ಸಲ ಘಟ್ಟಿ ಆಗ್ಲಿ ಅಂತ ಭಾಳ ಹೊತ್ತು ಕುದಿಸಿದೆ, ತಳ ಹತ್ತಿತು. ಮೂರನೇ ಸಲ ಎಲ್ಲಾ ಸರಿ ಆತು ಅಂದ್ಕೊಂಡೆ, ಹತ್ತು ದಿನಕ್ಕ ಮ್ಯಾಲ ಬೂಸರು ಬಂತು.

ಮೂರೂ ಸಲ ನಾ ಮಾಡಿದ ತಪ್ಪು ಖರೇ ಅಂದ್ರ ಒಂದೇ. ಸಕ್ರಿ ಅಂದ್ರ ಬರೀ ಸಿಹಿ ಅಂತ ತಿಳ್ಕೊಂಡಿದ್ದೆ. ಜಾಮಿನೊಳಗ ಸಕ್ರಿ ನಾಕು ಕೆಲಸ ಮಾಡ್ತದ: ಸಿಹಿ ಕೊಡ್ತದ, ಹಣ್ಣಿನ ಪೆಕ್ಟಿನ್ (ಹಣ್ಣಿನೊಳಗ ತಾನಾಗೇ ಇರೋ, ಜಾಮ್ ಘಟ್ಟಿ ಮಾಡೋ ಅಂಟು ಪದಾರ್ಥ) ಹೆಪ್ಪುಗಟ್ಟಲಿಕ್ಕೆ ಸಹಾಯ ಮಾಡ್ತದ, ನೀರನ್ನ ಹಿಡದಿಟ್ಕೊಂಡು ಬೂಸರು ಬರದಂಗ ಕಾಯ್ತದ, ಬಣ್ಣ ಉಳಿಸ್ತದ. ಸಕ್ರಿ ತಗದ್ರ ಈ ನಾಕೂ ಕೆಲಸ ಖಾಲಿ ಬೀಳ್ತಾವ, ಒಂದೊಂದಕ್ಕ ಬೇರೆ ಯಾರನ್ನಾದ್ರೂ ನಿಲ್ಲಿಸ್ಬೇಕು. ಜಾಮ್ ಕೆಟ್ಟಾಗ ನಾ ಈಗ ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಈ ನಾಕರೊಳಗ ಯಾವ ಕೆಲಸಕ್ಕ ಆಳಿಲ್ಲ ಅಂತ. ಇದು ಕೇಳ್ಕೊಂಡ್ರ ಅರ್ಧ ಉತ್ತರ ಅಲ್ಲೇ ಸಿಗ್ತದ.

ನಮ್ಮಜ್ಜಿ ಮಾಡ್ತಿದ್ದ ಗುಳಂಬ ನೆನಪ ಮಾಡ್ಕೋರಿ. ಮಾವಿನಕಾಯಿ ಮತ್ತ ಬೆಲ್ಲ, ಇಷ್ಟ. ಬರಣಿ ಬಾಯಿಗೆ ಅರಿವಿ ಕಟ್ಟಿ ಅಟ್ಟದ ಮ್ಯಾಲ ಇಟ್ರ ವರ್ಷಗಟ್ಲೆ ಏನೂ ಆಗ್ತಿರ್ಲಿಲ್ಲ. ಇಲ್ಲಿ ಪುಣೆದಾಗ ಬಾಜೂಮನಿ ಕಾಕೂ ಮಾವಿನಕಾಯಿಗೆ ಸಕ್ರಿ ಹಾಕಿ ಮಾಡೋ ಸಾಖರಂಬಾನೂ ಹಂಗೇ. ಮಾವಿನಕಾಯಿಯೊಳಗ ಹುಳಿನೂ ಅದ, ಪೆಕ್ಟಿನ್ನೂ ಅದ, ಮ್ಯಾಲ ಬೆಲ್ಲ ಕೈಬಿಟ್ಟು ಹಾಕ್ತಿದ್ರು, ಹಿಂಗ ಮೂರೂ ಗಟ್ಟಿ ಇದ್ದಲ್ಲಿ ಕೆಡ್ಲಿಕ್ಕೆ ದಾರಿನೇ ಇರಂಗಿಲ್ಲ. ಸ್ಟ್ರಾಬೆರಿಯೊಳಗ ಪೆಕ್ಟಿನ್ ಕಡಿಮಿ, ಹುಳಿ ಮಧ್ಯಮ, ಅದರ ಮ್ಯಾಲ ನಾವು ಸಕ್ರಿನೂ ಕಿತ್ಕೊಂಡೀವಿ. ಅಜ್ಜಿ ಪದ್ಧತಿ ಇಲ್ಲಿ ನಡಿಯಂಗಿಲ್ಲ ಅಂದ್ರ ಅಜ್ಜಿ ತಪ್ಪು ಅಂತಲ್ಲ, ಸಾಮಾನೇ ಬ್ಯಾರೆ.

ಮೊದಲು ತೂಕ

ದೋಷ ಹುಡುಕೋಕಿಂತ ಮೊದಲು ಒಂದು ಮಾತು, ಅಡಗಿಮನಿಗೆ ಒಂದು ಡಿಜಿಟಲ್ ತೂಕದ ಮಷೀನ್ ಬೇಕೇ ಬೇಕು. ಇದಿಲ್ದ ಸಕ್ರಿ ಕಡಿಮಿ ಜಾಮ್ ಅಂದಾಜಿನ ಮ್ಯಾಲ ನಡಿತದ, ಅಂದಾಜು ಇಲ್ಲಿ ಕೈ ಕೊಡ್ತದ. ನಾ ಈಗ ಹಿಡದಿರೋ ಲೆಕ್ಕ ಇದು: ತೊಟ್ಟು ತಗದ ಸ್ಟ್ರಾಬೆರಿ 500 ಗ್ರಾಂ, ಸಕ್ರಿ 150 ಗ್ರಾಂ, ಲಿಂಬಿರಸ ಒಂದು ದೊಡ್ಡ ಚಮಚ ಅಂದ್ರ 15 ಮಿಲಿ, ಬೇಯಿಸಿ ಸೋಸಿದ ಪೇರಲಹಣ್ಣಿನ ತಿರುಳು 100 ಗ್ರಾಂ. ಎಲ್ಲಾ ಕೂಡಿ ಸುಮಾರು 765 ಗ್ರಾಂ ಆಗ್ತದ. ಖಾಲಿ ಬೋಗಾಣಿ ತೂಕ ಮೊದಲೇ ಬರದಿಟ್ಕೋತೀನಿ, ಕುದಿಯುವಾಗ ನಡುವ ಒಮ್ಮೆ ಗ್ಯಾಸ್ ಆರಿಸಿ ಬೋಗಾಣಿ ಸಮೇತ ತೂಗ್ತೀನಿ (ಮಷೀನ್ ಮ್ಯಾಲ ಒಂದು ಕಟ್ಟಿಗಿ ಮಣಿ ಇಟ್ಟು, ಇಲ್ಲಂದ್ರ ಬಿಸಿಗೆ ಅದು ಹಾಳಾಗ್ತದ), ಜಾಮ್ 420 ಗ್ರಾಂ ಹತ್ರ ಬಂದ್ರ ಮುಗೀತು. ಹಣ್ಣಿನ ಸ್ವಂತ ಸಕ್ರಿನೂ ಸೇರ್ಸಿ ನೋಡಿದ್ರ ಇದರೊಳಗ ನೂರಕ್ಕ 43ರ ಆಸುಪಾಸು ಸಕ್ರಿ ಇರ್ತದ. 15 ಗ್ರಾಂ ಚಮಚಕ್ಕ ಆರೂವರಿ ಗ್ರಾಂ. ಪೂರ್ತಿ ಸಕ್ರಿ ಜಾಮ್ ನೂರಕ್ಕ 65ರ ಹತ್ರ ನಿಲ್ತದ, ಅದೇ ಚಮಚಕ್ಕ ಹತ್ತಿರ ಹತ್ತಿರ 10 ಗ್ರಾಂ. ಅಂದ್ರ ಮೂರನೇ ಒಂದು ಭಾಗ ಕಡಿಮಿ ಆತು, ಪೂರ್ತಿ ಹೋಗ್ಲಿಲ್ಲ. ಶುಗರ್ ಇದ್ದವರ ಮನ್ಯಾಗ ಇದು ಸ್ಪಷ್ಟ ಇರ್ಬೇಕು. "ಕಡಿಮಿ ಸಕ್ರಿ" ಅಂತ ಎರಡು ಚಮಚ ಹೆಚ್ಚಿಗಿ ತಿಂದ್ರ ಲೆಕ್ಕ ಅಲ್ಲಿಗಲ್ಲೇ ಆತು. ನಮ್ಮನಿಯೊಳಗ ಅತ್ತಿಯವರಿಗೆ ದಿನಕ್ಕ ಒಂದೇ ಚಮಚ, ಅದನ್ನೂ ಅವರ ಡಾಕ್ಟರಿಗೆ ಹೇಳಿನೇ ಇಟ್ಕೊಂಡೀವಿ.

ಜಾಮ್ ಹೆಪ್ಪಾಗಂಗಿಲ್ಲ, ನೀರನೀರ ಅದ

ಎಲ್ಲಾರ ಮನ್ಯಾಗ ಬರೋ ಮೊದಲ ತಕರಾರು ಇದು, ಇದಕ್ಕ ಕಾರಣನೂ ಭಾಳ ಅವ, ಅದಕ್ಕ ಇಲ್ಲೇ ಸ್ವಲ್ಪ ಹೊತ್ತು ನಿಲ್ತೀನಿ.

ಮೊದಲು, ಖರೇನೇ ನೀರಾಗ್ಯದೋ ಅಥವಾ ನೀವು ಅವಸರ ಮಾಡಾಕತ್ತೀರೋ ನೋಡ್ರಿ. ಬಿಸಿ ಜಾಮ್ ಯಾವತ್ತೂ ತೆಳ್ಳಗೇ ಕಾಣ್ತದ. ಪೆಕ್ಟಿನ್ ಪೂರ್ತಿ ಹಿಡೀಲಿಕ್ಕೆ ಒಂದು ದಿನ, ಒಮ್ಮೊಮ್ಮೆ ಎರಡು ದಿನ ಬೇಕು. ಬಾಟ್ಲಿ ತುಂಬಿದ ಎರಡು ತಾಸಿಗೆ ಚಮಚ ಹಾಕಿ ಕಲಕಿ ನೋಡಿ ಮತ್ತ ಕುದಿಸ್ಲಿಕ್ಕೆ ಇಟ್ರ, ಕೂಡಾಕತ್ತಿದ್ದ ಹೆಪ್ಪನ್ನ ನಾವೇ ಒಡದಂಗ. ಒಂದು ರಾತ್ರಿ ಫ್ರಿಜ್‌ನ್ಯಾಗ ಬಿಡ್ರಿ, ಮುಂಜಾನೆ ನೋಡಿ ತೀರ್ಮಾನ ಮಾಡ್ರಿ.

ಮುಂಜಾನೆನೂ ಹರೀತದ ಅಂದ್ರ ತೂಗ್ರಿ. 420 ಬರ್ಬೇಕಾದದ್ದು 520 ಇದ್ರ ಉತ್ತರ ಸಿಕ್ತು, ನೀರು ಇನ್ನ 100 ಗ್ರಾಂ ಹೋಗ್ಬೇಕು. ಅಗಲ ಬೋಗಾಣಿಗೆ ಹಾಕಿ ಜೋರ ಉರಿ ಮ್ಯಾಲ ಐದಾರು ನಿಮಿಷ ಕುದಿಸಿದ್ರ ಮುಗೀತು. ತೂಕ ಸರಿ ಇದ್ದೂ ಹರೀತದ ಅಂದ್ರ ಕುದಿಸೋದು ಪರಿಹಾರ ಅಲ್ಲ. ನಾ ಎರಡನೇ ಸಲ ತಳ ಹತ್ತಿಸಿಕೊಂಡದ್ದು ಇಲ್ಲೇ. ಹುಳಿ ಇರೋ ಹಣ್ಣಿನೊಳಗ ಪೆಕ್ಟಿನ್ನನ್ನ ತಾಸುಗಟ್ಲೆ ಕುದಿಸಿದ್ರ ಅದು ತುಂಡು ತುಂಡಾಗಿ ಹಿಡಿಯೋ ಶಕ್ತಿನೇ ಕಳ್ಕೋತದ, ಅಂದ್ರ ಘಟ್ಟಿ ಮಾಡ್ಲಿಕ್ಕೆ ಅಂತ ಕುದಿಸಿದಷ್ಟೂ ಹೆಪ್ಪು ದೂರ ಹೋಗ್ತದ.

ಥರ್ಮಾಮೀಟರ್ ಇಟ್ಟವರಿಗೆ ಒಂದು ವಿಶೇಷ ಮಾತು. ಪೂರ್ತಿ ಸಕ್ರಿ ಜಾಮ್ 104-105 ಡಿಗ್ರಿ ಸೆಲ್ಸಿಯಸ್ಸಿಗೆ ಆತು ಅಂತ ಎಲ್ಲಾ ಕಡೆ ಬರದಿರ್ತಾರ, ಅದು ಸಮುದ್ರದ ಮಟ್ಟದ ಲೆಕ್ಕ. ಮುಂಬೈ, ಪಣಜಿಯೊಳಗ ಇದ್ದವರಿಗೆ ಸರಿ. ಪುಣೆ ಸುಮಾರು 560 ಮೀಟರ್ ಎತ್ತರದಾಗ ಅದ, ಇಲ್ಲಿ ನೀರೇ 98 ಡಿಗ್ರಿಗೆ ಕುದೀತದ, ಅಂದ್ರ ಜಾಮಿನ ಲೆಕ್ಕನೂ 2 ಡಿಗ್ರಿ ಕೆಳಗ ಇಳೀತದ. ಇದು ಪೂರ್ತಿ ಸಕ್ರಿ ಜಾಮಿನ ಮಾತಾತು. ಸಕ್ರಿ ಕಡಿಮಿ ಮಾಡಿದ ಮ್ಯಾಲ ಥರ್ಮಾಮೀಟರ್ ಉಪಯೋಗನೇ ಇಲ್ಲ, ಯಾಕಂದ್ರ ಕುದಿಯೋ ಬಿಸಿ ಏರೋದೇ ಸಕ್ರಿಯಿಂದ, ನಮ್ಮ ಜಾಮ್ ಸಾದಾ ನೀರಿಗಿಂತ ಒಂದು ಒಂದೂವರಿ ಡಿಗ್ರಿ ಅಷ್ಟ ಮ್ಯಾಲ ಹೋಗ್ತದ. 105 ಬರ್ಲಿ ಅಂತ ಕಾಯ್ತಾ ನಿಂತ್ರ ಅದು ಬರೋ ಹೊತ್ತಿಗೆ ಜಾಮ್ ಸುಟ್ಟಿರ್ತದ. ಎಳಿ ಪಾಕ ನೋಡೋದೂ ಹಂಗೇ. ಲಾಡೂಕ, ಚಿಕ್ಕಿಗೆ ನಾವು ಬೆರಳ ನಡುವ ಹಿಡದು ಎಳಿ ನೋಡೋ ರೂಢಿಯವರು, ಇಲ್ಲಿ ಎಳಿ ಬರೋವಷ್ಟು ಸಕ್ರಿನೇ ಇಲ್ಲ, ಹುಡುಕಬ್ಯಾಡ್ರಿ.

ಹಂಗಾದ್ರ ನೋಡೋದು ಹೆಂಗ? ಒಂದು ಸಣ್ಣ ಸ್ಟೀಲ್ ತಾಟು ಫ್ರೀಜರ್‌ನ್ಯಾಗ ಹದಿನೈದು ನಿಮಿಷ ಇಡ್ರಿ. ಗ್ಯಾಸ್ ಆರಿಸಿ ಅರ್ಧ ಚಮಚ ಜಾಮ್ ಅದರ ಮ್ಯಾಲ ಹಾಕಿ, ಒಂದು ನಿಮಿಷ ಮತ್ತ ಫ್ರೀಜರ್‌ನ್ಯಾಗ ಇಟ್ಟು ತಗದು, ನಡುವ ಬೆರಳು ಎಳೀರಿ. ಪೂರ್ತಿ ಸಕ್ರಿ ಜಾಮ್ ಆದ್ರ ಮ್ಯಾಲ ಕೆನಿಯಂಗ ಸುಕ್ಕು ಬರ್ತದ. ಇದರೊಳಗ ಸುಕ್ಕು ಬರಂಗಿಲ್ಲ, ಅದನ್ನ ಕಾಯಬ್ಯಾಡ್ರಿ. ನೋಡಬೇಕಾದದ್ದು ಬೆರಳು ಎಳದ ದಾರಿ. ಎರಡೂ ದಂಡಿ ಬ್ಯಾರೆ ಬ್ಯಾರೆ ನಿಂತು ನಡುವ ತಾಟು ಹೊಳೀತಿದ್ರ ಆತು. ದಂಡಿ ಮೆಲ್ಲಕ ಕೂಡಿದ್ರ ಇನ್ನ ಎರಡು ನಿಮಿಷ. ಕೂಡಿದ ಮ್ಯಾಲ ಅಂಚಿನ ಸುತ್ತ ಗುಲಾಬಿ ನೀರಿನ ಉಂಗುರ ಹರಡಿದ್ರ ತೂಕ ಎಷ್ಟೇ ಇರ್ಲಿ, ಪೆಕ್ಟಿನ್ ಸಾಲದು ಅಂತ ಅರ್ಥ. ಆ ಉಂಗುರ ನನಗ ಭಾಳ ಕಲಿಸ್ಯದ, ತಾಟಿನ ಮ್ಯಾಲ ಕಣ್ಣಿಟ್ಟು ನೋಡ್ರಿ.

ಪೆಕ್ಟಿನ್ ಎಷ್ಟದ ಅಂತ ಮೊದಲೇ ತಿಳ್ಕೊಳ್ಳಲಿಕ್ಕೂ ಒಂದು ಪರೀಕ್ಷೆ ಅದ. ಸಕ್ರಿ ಹಾಕೋಕಿಂತ ಮೊದಲು ಹಣ್ಣು ಬೆಂದಾಗ ಅದರ ರಸ ಒಂದು ಸಣ್ಣ ಚಮಚ ತಗದು ಪೂರ್ತಿ ಆರಿಸಿ, ಗಾಜಿನ ಲೋಟದಾಗ ಹಾಕಿ, ಮೆಡಿಕಲ್ ಅಂಗಡ್ಯಾಗ ಸಿಗೋ ಸರ್ಜಿಕಲ್ ಸ್ಪಿರಿಟ್ ಮೂರು ಸಣ್ಣ ಚಮಚ ಹಾಕಿ ಮೆಲ್ಲಕ ತಿರುವಿ ಒಂದು ನಿಮಿಷ ಬಿಡ್ರಿ. ಒಂದೇ ಘಟ್ಟಿ ಮುದ್ದಿ ಆದ್ರ ಪೆಕ್ಟಿನ್ ಭರ್ತಿ ಅದ. ಎರಡು ಮೂರು ತುಂಡಾದ್ರ ಮಧ್ಯಮ. ಬರೀ ದಾರ ದಾರ ಬಂದು ಹರದು ಹೋದ್ರ ಕಡಿಮಿ. ನಾ ಮಾಡಿದಾಗ ಪೇರಲ ರಸ ಚಮಚದಿಂದ ಎತ್ತೋವಷ್ಟು ಮುದ್ದಿ ಆಗಿತ್ತು, ಸ್ಟ್ರಾಬೆರಿ ನೀರಿನೊಳಗ ಎಳಿ ಎಳಿ ತೇಲ್ತಿತ್ತು, ಎರಡೂ ಲೋಟ ಬಾಜೂಬಾಜೂಕ ಇಟ್ಟು ನೋಡಿದ ಮ್ಯಾಲ ಪುಸ್ತಕದ ಮಾತು ಕಣ್ಣಿಗೆ ಕಂಡಂಗಾತು. ಸ್ಪಿರಿಟ್ ವಿಷ, ಆ ಲೋಟದ್ದು ಹನಿನೂ ಬಾಯಿಗೆ ಹಾಕಬ್ಯಾಡ್ರಿ, ಸಿಂಕಿಗೆ ಸುರುವಿ ಲೋಟ ಛಲೋತ್ನಂಗ ತೊಳೀರಿ, ಮಕ್ಕಳು ಅಡಗಿಮನ್ಯಾಗ ಇದ್ದಾಗ ಮಾಡಬ್ಯಾಡ್ರಿ, ಹೊತ್ತಿರೋ ಗ್ಯಾಸಿನ ಹತ್ರನೂ ಬ್ಯಾಡ.

ಪೆಕ್ಟಿನ್ ಕಡಿಮಿ ಅಂದ್ರ ಪುಣೆದಾಗ ಛಲೋ ಉಪಾಯ ಅಂದ್ರ ಪೇರಲಹಣ್ಣು, ಇಲ್ಲಿಯವರು ಪೇರು ಅಂತಾರ. ಸ್ಟ್ರಾಬೆರಿ ಬರೋ ಚಳಿಗಾಲದಾಗೇ ಮಂಡಯಿ ಮಾರ್ಕೆಟ್ಟಿನ್ಯಾಗ ಅದೂ ರಾಶಿ ಬಿದ್ದಿರ್ತದ. ಪೂರ್ತಿ ಹಣ್ಣಾದದ್ದು ಬ್ಯಾಡ, ಹಸರ ತಿರುಗಿ ಹಳದಿಗೆ ಬರಾಕತ್ತಿದ್ದು ತರ್ರಿ, ಯಾಕಂದ್ರ ಹಣ್ಣು ಮೆತ್ತಗ ಆದಂಗ ಪೆಕ್ಟಿನ್ ಕರಗಿ ಹೋಗ್ತದ (ಸ್ಟ್ರಾಬೆರಿಗೂ ಇದೇ ಮಾತು, ಸಂಜಿಗೆ ಅಗ್ಗ ಸಿಗ್ತದಂತ ಮೆತ್ತನ ಡಬ್ಬಿ ತಂದ್ರ ಹೆಪ್ಪಿಗೆ ಹೊಡತ). ಸಿಪ್ಪಿ ಸಮೇತ ಹೆಚ್ಚಿ, ಮುಳುಗೋವಷ್ಟು ನೀರು ಹಾಕಿ ಅರ್ಧ ತಾಸು ಬೇಯಿಸಿ, ಜರಡಿಯೊಳಗ ಸೌಟಿಲೆ ತಿಕ್ಕಿ ತಿರುಳು ತಗೀರಿ, ಬೀಜ ಒಂದೂ ಬರಬಾರದು. ಸ್ಟ್ರಾಬೆರಿ ವಾಸನಿ ಮುಂದ ಪೇರಲ ವಾಸನಿ ಅಷ್ಟೇನು ಏಳಂಗಿಲ್ಲ. ಪೇರಲ ಬ್ಯಾಡ ಅನ್ನೋರು ಹಸರ ಸೇಬು ಸಿಪ್ಪಿ ಸಮೇತ ತುರದು ಹಾಕಬಹುದು. ಬ್ಯಾಸಗಿಯೊಳಗ ಕವಳಿಹಣ್ಣು ಬರ್ತದಲ್ಲ, ಅದರೊಳಗ ಹುಳಿ ಪೆಕ್ಟಿನ್ ಎರಡೂ ಭರಪೂರ, ಬ್ಯಾರೆ ಯಾವ ಹಣ್ಣಿನ ಸಹಾಯನೂ ಬೇಕಿಲ್ಲ.

ಆದ್ರ ಒಂದು ಮಾತು ಖರೇ ಹೇಳ್ತೀನಿ. ಹಣ್ಣಿನೊಳಗ ತಾನಾಗೇ ಇರೋ ಪೆಕ್ಟಿನ್ ಅಂಗಡಿ ಜಾಮಿನಂಗ ಕತ್ತರಿಸೋವಷ್ಟು ಘಟ್ಟಿ ಹೆಪ್ಪಾಗ್ಬೇಕಂದ್ರ ನೂರಕ್ಕ 55-60ರ ಮ್ಯಾಲ ಸಕ್ರಿ ಬೇಕು, ಜೊತಿಗೆ ಹುಳಿನೂ ಬೇಕು. ನಮ್ಮದು 43. ಹಿಂಗಾಗಿ ಪೇರಲ ತಿರುಳಿನಿಂದ ಬರೋದು ಚಪಾತಿ ಮ್ಯಾಲ ಹರಡಿದ್ರ ಕೆಳಗ ಇಳಿಯದಂಥ ಮೆತ್ತನ ಹೆಪ್ಪು, ಅಷ್ಟ. ನಮ್ಮನಿಗೆ ಅಷ್ಟ ಸಾಕು. ಅದಕ್ಕಿಂತ ಘಟ್ಟಿ ಬೇಕಂದ್ರ ಲೋ ಮೆಥಾಕ್ಸಿಲ್ ಪೆಕ್ಟಿನ್ ಅಂತ ಪುಡಿ ಆನ್‌ಲೈನ್ ಸಿಗ್ತದ, ಅದು ಸಕ್ರಿ ಇಲ್ದನೂ ಕ್ಯಾಲ್ಸಿಯಂ ಜೊತಿ ಸೇರಿ ಹೆಪ್ಪಾಗ್ತದ. ತರೋ ಮುಂದ ಪ್ಯಾಕೆಟ್ ಓದ್ರಿ. ಬರೀ "ಪೆಕ್ಟಿನ್" ಅಂತ ಬರದದ್ದು ಬಹುತೇಕ ಹೈ ಮೆಥಾಕ್ಸಿಲ್ ಇರ್ತದ, ಅದಕ್ಕ ಮತ್ತ ಸಕ್ರಿನೇ ಬೇಕು, ಹಾಕಿ ಹಾಕಿ ಡಬ್ಬಿ ಖಾಲಿ ಮಾಡಿದ್ರೂ ನಮ್ಮ ಜಾಮಿಗೆ ಉಪಯೋಗ ಇಲ್ಲ. ಪುಡಿನ ಸೀದಾ ಕುದಿಯೋ ಜಾಮಿಗೆ ಉದುರಿಸಿದ್ರ ಮೀನಿನ ಕಣ್ಣಿನಂಗ ಗಂಟು ಗಂಟು ಆಗ್ತದ, ಒಳಗ ಒಣ ಪುಡಿ ಹಂಗೇ ಉಳೀತದ, ಅದಕ್ಕ ಅಳತಿಯೊಳಗಿನ ಸಕ್ರಿನೇ ನಾಕೈದು ಪಟ್ಟು ತಗೊಂಡು ಅದರ ಜೊತಿ ಕಲಸಿ ಆಮ್ಯಾಲ ಉದುರಿಸ್ರಿ.

ಇನ್ನೊಂದು ಕೊರತಿ ಹುಳಿ. ಲಿಂಬಿರಸ ರುಚಿಗೆ ಅಂತ ತಿಳ್ಕೊಂಡು ಬಿಡೋರು ಭಾಳ ಮಂದಿ. ಹಣ್ಣಿನ ಪೆಕ್ಟಿನ್ ಹಿಡೀಬೇಕಂದ್ರ ಪಿಎಚ್ (ಹುಳಿ ಅಳಿಯೋ ಅಂಕಿ, ಅದು ಕಡಿಮಿ ಇದ್ದಷ್ಟು ಹುಳಿ ಹೆಚ್ಚು) 3.5ರ ಕೆಳಗ ಇರ್ಬೇಕು, ಸ್ಟ್ರಾಬೆರಿ ಪೂರ್ತಿ ಹಣ್ಣಾಗಿದ್ರ ಅದಕ್ಕಿಂತ ಮ್ಯಾಲ ಹೋಗಿರಬಹುದು. ತಾಟಿನ ಪರೀಕ್ಷೆಯೊಳಗ ಸೋತಾಗ ನಾ ಮೊದಲು ಮಾಡೋದು ಅಂದ್ರ ಇನ್ನೊಂದು ಸಣ್ಣ ಚಮಚ ಲಿಂಬಿರಸ ಹಾಕಿ ಒಂದು ನಿಮಿಷ ಕುದಿಸಿ ಮತ್ತ ತಾಟಿನ ಮ್ಯಾಲ ನೋಡೋದು. ಖರ್ಚಿಲ್ಲ, ಹೊತ್ತಿಲ್ಲ.

ಇದೆಲ್ಲಾ ಮಾಡಿದ್ರೂ ಆಗ್ಲಿಲ್ಲ ಅಂದ್ರ ಚೆಲ್ಲಬ್ಯಾಡ್ರಿ. 500 ಗ್ರಾಂ ಹಣ್ಣಿನ ಜಾಮಿಗೆ ಎರಡು ದೊಡ್ಡ ಚಮಚ ಚಿಯಾ ಬೀಜ, ಗ್ಯಾಸ್ ಆರಿಸಿದ ಮ್ಯಾಲ ಹಾಕಿ ಕಲಸಿ ಇಪ್ಪತ್ತು ನಿಮಿಷ ಬಿಟ್ರ ಬೀಜ ನೀರು ಕುಡದು ಉಬ್ಬಿ ಘಟ್ಟಿ ಆಗ್ತದ. ಹಿಂಗ ಮಾಡಿದ ಜಾಮ್ ಒಂದು ವಾರದಾಗ ಮುಗಿಸಿಬಿಡ್ರಿ. ಅಥವಾ ಹಂಗೇ ಮೊಸರಿನ ಮ್ಯಾಲ ಹಾಕ್ಕೊಂಡು ತಿನ್ರಿ, ನಮ್ಮ ಮೊದಲ ಸಲದ್ದು ಪೂರ್ತಿ ಮೊಸರಿಗೇ ಹೋತು, ಯಾರೂ ತಕರಾರು ಮಾಡ್ಲಿಲ್ಲ.

ಭಾಳ ಘಟ್ಟಿ ಆತು, ತಳ ಹತ್ತಿತು

ಘಟ್ಟಿ ಆದದ್ದು ಸುಲಭ, ಬಿಸಿನೀರು ಒಂದೊಂದೇ ಚಮಚ ಹಾಕ್ತ ಸಣ್ಣ ಉರಿ ಮ್ಯಾಲ ಸಡಿಲ ಮಾಡ್ರಿ. ತಳ ಹತ್ತಿದ ವಾಸನಿ ಬಂದ ಕೂಡ್ಲೆ ಗ್ಯಾಸ್ ಆರಿಸಿ, ಸೌಟು ತಳಕ್ಕ ಮುಟ್ಟಿಸದಂಗ ಮ್ಯಾಲಿನದಷ್ಟ ಬ್ಯಾರೆ ಬೋಗಾಣಿಗೆ ಸುರುವ್ರಿ. ಕೆರದ್ರ ಎಲ್ಲಾ ಕಹಿ. ತೆಳು ತಳದ ಪಾತ್ರಿ ಬಿಟ್ಟು ದಪ್ಪ ತಳದ ಅಗಲ ಸ್ಟೀಲ್ ಬೋಗಾಣಿ ತಗೋರಿ, ಕಡಿಗೆ ಐದು ನಿಮಿಷ ಕೈ ಬಿಡಬ್ಯಾಡ್ರಿ. ಅಲ್ಯುಮಿನಿಯಂ ಪಾತೇಲಿ ಬ್ಯಾಡ, ಹುಳಿಗೆ ಅದು ಬಿಟ್ಕೋತದ, ಕಬ್ಬಿಣದ ಕಡಾಯಿಯೊಳಗ ಬಣ್ಣ ಕಪ್ಪಾಗ್ತದ. ಮತ್ತ ಒಮ್ಮೆಲೇ ಎರಡು ಕಿಲೋ ಮಾಡಬ್ಯಾಡ್ರಿ, ನೀರು ಹೋಗ್ಲಿಕ್ಕೆ ಹೊತ್ತು ಹೆಚ್ಚಾಗ್ತದ, ಹೊತ್ತು ಹೆಚ್ಚಾದಂಗ ಪೆಕ್ಟಿನ್ನೂ ಹೋಗ್ತದ ಬಣ್ಣಾನೂ ಹೋಗ್ತದ.

ಮ್ಯಾಲ ನೀರು ಬಿಟ್ಕೋತದ

ಬಾಟ್ಲಿ ತಗದಾಗ ಮ್ಯಾಲ ಒಂದು ತೆಳ್ಳನ ಕೆಂಪು ನೀರು ನಿಂತಿದ್ರ ಹೆದರಬ್ಯಾಡ್ರಿ. ನೀರು ಹಿಡಿಯೋ ಸಕ್ರಿ ಕಡಿಮಿ ಇದ್ದಲ್ಲಿ ಹೆಪ್ಪು ಸ್ವಲ್ಪ ನೀರು ಬಿಡೋದು ಸಹಜ. ವಾಸನಿ ಸರಿ ಇದ್ರ, ಗುಳ್ಳಿ ಇಲ್ಲಂದ್ರ, ಕಲಸಿ ತಿನ್ರಿ. ಭಾಳ ಬರ್ತದ ಅಂದ್ರ ಲಿಂಬಿರಸ ಅತಿ ಆಗ್ಯದ, ಇಲ್ಲಾ ಪುಡಿ ಪೆಕ್ಟಿನ್ನಿಗೆ ಕ್ಯಾಲ್ಸಿಯಂ ಹೆಚ್ಚಾಗ್ಯದ (ಆಗ ಜಾಮ್ ಒಡದ ಹಾಲಿನಂಗ ತರಿತರಿನೂ ಕಾಣ್ತದ), ಇಲ್ಲಾ ಹೆಪ್ಪಾಗೋ ಹೊತ್ತಿನೊಳಗ ಬಾಟ್ಲಿ ಅತ್ತಿತ್ತ ಸರಿಸಾಡ್ಯಾರ. ಹಣ್ಣಿನ ತುಂಡು ಮ್ಯಾಲ ತೇಲಿ ಕೆಳಗ ಬರೀ ರಸ ಉಳದ್ರ ಅದು ಬ್ಯಾರೆ ದೋಷ. ಕತ್ತರಿಸಿದ ಹಣ್ಣಿಗೆ ಸಕ್ರಿ ಹಚ್ಚಿ ಎರಡು ತಾಸು ಇಡ್ರಿ, ಕುದಿಸಿದ ಮ್ಯಾಲ ಹತ್ತು ನಿಮಿಷ ಆರಿಸಿ ಕಲಸಿ ಆಮ್ಯಾಲ ಬಾಟ್ಲಿಗೆ ತುಂಬ್ರಿ, ತೇಲಂಗಿಲ್ಲ.

ಬೂಸರು, ಗುಳ್ಳಿ, ಹುಳಿ ವಾಸನಿ

ಇದೊಂದರೊಳಗ ರಿಪೇರಿ ಇಲ್ಲ. ಬೂಸರು ಬಂದ್ರ ಮ್ಯಾಲಿಂದಷ್ಟ ತಗದು ಉಳಿದದ್ದು ತಿನ್ನೋ ರೂಢಿ ನಮ್ಮ ಕಡೆ ಅದ, ಜಾಮ್ ಹಾಳು ಮಾಡ್ಲಿಕ್ಕೆ ಮನಸ ಬರಂಗಿಲ್ಲ, ನನಗೂ ಬರ್ಲಿಲ್ಲ. ಆದ್ರ ಮೆತ್ತನ ಪದಾರ್ಥದಾಗ ಬೂಸರಿನ ಬೇರು ಕಣ್ಣಿಗೆ ಕಾಣದಷ್ಟು ಕೆಳಗ ಇಳದಿರ್ತದ, ಕೆಲವೊಂದು ಬೂಸರು ವಿಷಾನೂ ಬಿಡ್ತಾವ, ಕುದಿಸಿದ್ರೂ ಅದು ಹೋಗ್ತದ ಅನ್ನೋ ಭರವಸಿ ಇಲ್ಲ. ಪೂರ್ತಿ ಬಾಟ್ಲಿ ಚೆಲ್ರಿ. ಮುಚ್ಚಳ ತಗದಾಗ ಟುಸ್ ಅಂತ ಗಾಳಿ ಬಂದ್ರ, ಸಣ್ಣ ಗುಳ್ಳಿ ಏಳ್ತಿದ್ರ, ದಾರೂ ವಾಸನಿ ಇದ್ರ ಅದು ಹುದುಗು, ಅದನ್ನೂ ಚೆಲ್ರಿ.

ಕಾರಣ ಹುಡುಕಿದ್ರ ನಮ್ಮನಿಯೊಳಗ ಮೂರು ಸಿಕ್ಕವು. ಒಂದು, ಬಾಟ್ಲಿ ನಾ ಬಿಸಿನೀರಿಲೆ ಬರೀ ತೊಳದಿದ್ದೆ. ಬಾಟ್ಲಿ ನೀರಿನೊಳಗ ಮುಳುಗಿಸಿ ಹತ್ತು ನಿಮಿಷ ಕುದಿಸ್ಬೇಕು, ನೀರು ಕಡಿಮಿ ಬಿಸಿಗೆ ಕುದಿಯೋದ್ರಿಂದ ಪುಣೆ ಎತ್ತರಕ್ಕ 12 ನಿಮಿಷ. ಎರಡು, ಚಪಾತಿ ಹಚ್ಚಿದ ಚಮಚನೇ ಮತ್ತ ಬಾಟ್ಲಿಗೆ ಹೋಗ್ತಿತ್ತು. ಮಗಳಿಗೆ ಹೇಳಿ ಹೇಳಿ ಸಾಕಾಗಿ ಈಗ 100 ಗ್ರಾಂ ಸಣ್ಣ ಬಾಟ್ಲಿಗೋಳೊಳಗ ತುಂಬ್ತೀನಿ, ಒಂದು ಕೆಟ್ರೂ ಉಳಿದವು ಸುರಕ್ಷಿತ. ಮೂರು, ಊಟದ ಟೇಬಲ್ ಮ್ಯಾಲ ಹೊರಗೇ ಇರ್ತಿತ್ತು, ಅಂಗಡಿ ಜಾಮ್ ಇಟ್ಟ ರೂಢಿ. ಸಕ್ರಿ ಮಾಡ್ತಿದ್ದ ಕಾವಲು ಕೆಲಸ ಈಗ ಫ್ರಿಜ್ ಮಾಡ್ಬೇಕು, ಬ್ಯಾರೆ ಯಾರೂ ಇಲ್ಲ. ತುಂಬಿ ಆರಿದ ಕೂಡ್ಲೆ ಫ್ರಿಜ್, ಮೂರು ವಾರದೊಳಗ ಮುಗಿಸ್ಬೇಕು. ಹೆಚ್ಚಿಗಿ ಮಾಡಿದ್ರ ಫ್ರೀಜರ್, ಬಾಟ್ಲಿ ಬಾಯಿಗೆ ಒಂದು ಬೆರಳು ಜಾಗ ಬಿಟ್ಟು ತುಂಬ್ರಿ, ಇಲ್ಲಂದ್ರ ಉಬ್ಬಿ ಗಾಜು ಸೀಳ್ತದ. ನಮ್ಮ ಸೊಸೈಟಿಯೊಳಗ ಒಮ್ಮೊಮ್ಮೆ ಇಡೀ ದಿನ ಕರೆಂಟ್ ಇರಂಗಿಲ್ಲ, ಅಂಥ ದಿನ ಜಾಮ್ ಬಾಟ್ಲಿ ಫ್ರಿಜ್ ಬಾಗಲದಿಂದ ತಗದು ಒಳಗ ಹಿಂದಕ ಸರಿಸ್ತೀನಿ, ಬಾಗಲಾನೂ ಸುಮ್ನ ತಗಿಯಂಗಿಲ್ಲ.

ಅಂಜೂರ, ಪಪ್ಪಾಯಿಗೆ ಬ್ಯಾರೆ ಎಚ್ಚರಿಕೆ. ಪುರಂದರ ತಾಲೂಕಿನ ಅಂಜೂರ ಪುಣೆದಾಗ ಛಲೋ ಸಿಗ್ತದ, ಜಾಮಿಗೂ ಆಸಿ ಆಗ್ತದ. ಆದ್ರ ಅಂಜೂರದಾಗೂ ಪಪ್ಪಾಯಿಯೊಳಗೂ ಹುಳಿ ಇಲ್ಲವೇ ಇಲ್ಲ ಅನ್ನೋವಷ್ಟು ಕಡಿಮಿ, ಪಿಎಚ್ 4.6ರ ಮ್ಯಾಲ ಇರ್ತದ. 4.6 ಅನ್ನೋದು ಸುಮ್ನ ಅಂಕಿ ಅಲ್ಲ, ಅದರ ಮ್ಯಾಲ ಹೋದ್ರ ಗಾಳಿ ಆಡದ ಮುಚ್ಚಿದ ಬಾಟ್ಲಿಯೊಳಗ ಬೊಟುಲಿಸಂ ಅನ್ನೋ ಜೀವಕ್ಕ ಅಪಾಯದ ಆಹಾರ ವಿಷಬಾಧೆ ತರೋ ರೋಗಾಣು ಬೆಳಿಬಹುದು, ಅದಕ್ಕ ವಾಸನಿ ಬಣ್ಣ ಯಾವ ಸುಳಿವೂ ಇರಂಗಿಲ್ಲ. ಸಕ್ರಿನೂ ಕಡಿಮಿ, ಹುಳಿನೂ ಇಲ್ಲ ಅಂದ್ರ ಕಾಯೋರೇ ಇಲ್ಲದಂಗಾತು. 500 ಗ್ರಾಂ ಅಂಜೂರಕ್ಕ ನಾ ಲಿಂಬಿರಸ ಎರಡು ದೊಡ್ಡ ಚಮಚ ಹಾಕ್ತೀನಿ, ಪಿಎಚ್ ಪಟ್ಟಿ ಅದ್ದಿ 4ರ ಕೆಳಗ ಬಂತೇನು ನೋಡ್ತೀನಿ, ಹೊರಗ ಇಡೋ ಮಾತೇ ಇಲ್ಲ.

ಬಣ್ಣ ಮತ್ತ ರುಚಿ

ಸ್ಟ್ರಾಬೆರಿ ಕೆಂಪು ಹದಿನೈದು ದಿನಕ್ಕ ಕಂದಿ ಇಟ್ಟಂಗಿ ಬಣ್ಣ ಆದ್ರ ಕೆಟ್ಟದ್ದಲ್ಲ, ಬಿಸಿ ಮತ್ತ ಬೆಳಕಿಗೆ ಆ ಬಣ್ಣ ಉಳಿಯಂಗಿಲ್ಲ, ಸಕ್ರಿ ಕಡಿಮಿ ಆದಂಗ ಬೇಗ ಹೋಗ್ತದ. ಲಿಂಬಿರಸ ಕಡಿಗಲ್ಲ, ಸುರುವಿಗೇ ಹಾಕ್ರಿ, ಇಪ್ಪತ್ತು ನಿಮಿಷದಾಗ ಕುದಿಸಿ ಮುಗಿಸ್ರಿ, ಅಷ್ಟರ ಮ್ಯಾಲ ಚಿಂತಿ ಬಿಡ್ರಿ.

ರುಚಿ ವಿಷಯದಾಗ ಭಾಳ ಮಂದಿ ಬೆಲ್ಲಕ್ಕ ಹೋಗ್ತಾರ. ಬೆಲ್ಲ ನನಗೂ ಪ್ರೀತಿ, ಆದ್ರ ಬೆಲ್ಲದಾಗ ಇರೋದೂ ಬಹುತೇಕ ಸಕ್ರಿನೇ, ಜೇನೂ ಹಂಗೇ. 150 ಗ್ರಾಂ ಸಕ್ರಿ ಬದ್ಲಿ 150 ಗ್ರಾಂ ಬೆಲ್ಲ ಹಾಕಿ ಶುಗರ್ ಇದ್ದವರಿಗೆ ನಡೀತದ ಅಂತ ಕೊಡಬ್ಯಾಡ್ರಿ, ಇದನ್ನ ಕೈಮುಗದು ಹೇಳ್ತೀನಿ. "ಸಕ್ರಿ ಸೇರ್ಸಿಲ್ಲ" ಅಂತ ಬರದು ಒಳಗ ಸೇಬಿನ ಗಟ್ಟಿ ರಸ ಹಾಕಿರೋ ಬಾಟ್ಲಿನೂ ಅದೇ ಲೆಕ್ಕ, ಹಿಂದಿನ ಪಟ್ಟಿ ತಿರುವಿ ಒಟ್ಟು ಸಕ್ರಿ ಎಷ್ಟು ಅಂತ ನೋಡ್ರಿ. ಸಿಹಿ ಗುಳಿಗಿ ಹಾಕೋರು ನೋಡ್ರಿ, ಆಸ್ಪರ್ಟೇಮ್ ಇದ್ದದ್ದು ಕುದಿಸಿದ್ರ ಸಿಹಿನೇ ಕಳ್ಕೋತದ, ಸುಕ್ರಲೋಸ್ ಬಿಸಿ ತಡ್ಕೋತದ, ಸ್ಟೀವಿಯಾ ಸ್ವಲ್ಪ ಹೆಚ್ಚಾದ್ರೂ ನಾಲಿಗಿ ಹಿಂದ ಕಹಿ ಉಳೀತದ, ಎರಿಥ್ರಿಟಾಲ್ ಹಾಕಿದ್ದು ಫ್ರಿಜ್‌ನ್ಯಾಗ ಇಟ್ರ ಹರಳುಗಟ್ಟಿ ಉಸುಕಿನಂಗ ಹಲ್ಲಿಗೆ ಹತ್ತುತದ. ಯಾವುದು ಹಾಕಿದ್ರೂ ಅದು ನಾಕರೊಳಗ ಒಂದೇ ಕೆಲಸ ಮಾಡೋದು, ಸಿಹಿ ಕೊಡೋದು. ಹೆಪ್ಪಿಗೆ ಪೇರಲ, ಕಾವಲಿಗೆ ಫ್ರಿಜ್ ಬೇಕೇ ಬೇಕು.

ಸಿಹಿ ಸಾಲದು ಅನ್ನಿಸಿದ್ರ ನಾ ಈಗ ಮಾಡೋದು ಬ್ಯಾರೆನೇ. ಒಂದು ಚಿಟಿಕಿ ಉಪ್ಪು, ಮತ್ತ ಗ್ಯಾಸ್ ಆರಿಸಿದ ಮ್ಯಾಲ ಎರಡು ಯಾಲಕ್ಕಿ ಕುಟ್ಟಿ ಹಾಕ್ತೀನಿ. ಈ ಜನವರಿಯೊಳಗ ಹಿಂಗ ಮಾಡಿದ ನಾಕು ಬಾಟ್ಲಿಗೆ ಮುಚ್ಚಳದ ಮ್ಯಾಲ ತಾರೀಖು, ಸಕ್ರಿ ಗ್ರಾಂ, ಕಡಿ ತೂಕ ಮೂರೂ ಬರದ ಚೀಟಿ ಹಚ್ಚಿದೆ. ಅತ್ತಿಯವರು ಕನ್ನಡಕ ಹಾಕ್ಕೊಂಡು ಚೀಟಿ ಓದಿ, ಒಂದು ಚಮಚ ಚಪಾತಿ ಮ್ಯಾಲ ಹಾಕಿ, ತಾಟು ಸ್ವಲ್ಪ ಓರೆ ಮಾಡಿ ನೋಡಿದ್ರು. "ನಿಂತದವಾ" ಅಂದ್ರು.